ಕೆಂಪು ಸುತ್ತಿನ ಕುದುರೆ

ಬೂದಿಕೋಟೆಯಿಂದ ಬರುವ ಬೆಳಗಿನ ಬಸ್ಸಿನಿಂದ ಕೋದಂಡಪ್ಪ ಇಳಿದನೆಂದರೆ ಕೈಯಲ್ಲಿ ಒಂದು ಬಾಟಲಿ ಹಾಲು ಇದ್ದೇ ಇರುತ್ತಿತ್ತು. ಬಂಗಾರಪೇಟೆ ರೈಲ್ವೆ ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿ ಅವನ ಅಕ್ಕನ ಮಗಳು ಇಂದ್ರಾಣಿಯ ಮನೆ. ಹಾಲು ಕೊಡುವುದು ಬರೀ ನೆಪ. ಅವನಿಗೆ ಬೇಕಾಗಿದ್ದದ್ದು ಅವಳ ಮಹಡಿ ಕೋಣೆಯ ಮೂಲೆಯಲ್ಲಿದ್ದ ಪ್ಲಾಸ್ಟಿಕ್ ಕುರ್ಚಿ. ಅಲ್ಲಿ ಕೂತರೆ ಇಂದ್ರಾಣಿಯ ಕಂಪ್ಯೂಟರ್ ಪರದೆಯೂ ಅವಳ ಮುಖವೂ ಒಟ್ಟಿಗೆ ಕಾಣುತ್ತಿದ್ದವು.

ಇಂದ್ರಾಣಿ ಕುದುರೆ ಓಟದ ವರದಿಗಾರ್ತಿ. ಅದೂ ಇಲ್ಲಿನ ಓಟಗಳಿಗಲ್ಲ, ದುಬೈ, ಹಾಂಗ್‌ಕಾಂಗ್, ಇಂಗ್ಲೆಂಡ್, ಆಸ್ಟ್ರೇಲಿಯಾದ ಓಟಗಳಿಗೆ. ಬೆಂಗಳೂರಿನ ಪತ್ರಿಕೆಯೊಂದಕ್ಕೆ ಸೇರಿದ ಹೊಸತರಲ್ಲಿ ಕ್ರಿಕೆಟ್ ಬರೆಯಲು ಎಲ್ಲರೂ ಮುಗಿಬಿದ್ದಿದ್ದರು, ರೇಸಿಗೆ ಯಾರೂ ಸಿಗದೆ ಇವಳ ತಲೆಗೆ ಕಟ್ಟಿದ್ದರು. ಬೇಡದ ಕೆಲಸವನ್ನು ಇವಳು ಎದೆಗೆ ಹಚ್ಚಿಕೊಂಡುಬಿಟ್ಟಳು. ಈಗ ವಿದೇಶದ ಒಂದು ವೆಬ್‌ಸೈಟಿಗೆ ಮನೆಯಿಂದಲೇ ಬರೆಯುತ್ತಾಳೆ. ಬೀದಿಯವರು ಅವಳಿಗೆ ‘ಕುದ್ರೆ ಇಂದ್ರಾಣಿ’ ಎಂದು ಹೆಸರಿಟ್ಟಿದ್ದಾರೆ. ಇಟ್ಟವರ ಮನಸ್ಸಿನಲ್ಲಿ ಕುಹಕವಿತ್ತೋ ಏನೋ, ಅವಳಿಗಂತೂ ಆ ಹೆಸರಿನ ಮೇಲೆ ಹೆಮ್ಮೆ.

ಅವಳು ಕೆಲಸ ಮಾಡುವುದನ್ನು ನೋಡಬೇಕು. ಮೊದಲು ಧ್ವನಿಯನ್ನು ಅಡಗಿಸುತ್ತಾಳೆ. ಕೂಗಾಟ ಕೇಳಿದರೆ ಕಣ್ಣು ಮೋಸಹೋಗುತ್ತದೆ ಎಂಬುದು ಅವಳ ಅನುಭವ. ಗೆದ್ದ ಕುದುರೆಯನ್ನು ಎಲ್ಲರೂ ನೋಡುತ್ತಾರೆಂದು ಅದನ್ನು ಬಿಡುತ್ತಾಳೆ. ಗೆರೆ ದಾಟಿದ ಮೇಲೆ ಉಳಿದ ಕುದುರೆಗಳು ಹೇಗೆ ವೇಗ ಇಳಿಸಿದವು, ಯಾವ ಕಾಲನ್ನು ಅಳುಕುತ್ತ ಊರಿದವು, ಕಿವಿ ಎತ್ತ ತಿರುಗಿತ್ತು ಎಂದು ಮತ್ತೆ ಮತ್ತೆ ನೋಡುತ್ತಾಳೆ. ಜಗತ್ತಿನಲ್ಲಿ ಇಂಥವರ ಒಂದು ಪುಟ್ಟ ಬಳಗವೇ ಇದೆ. ಐರ್ಲೆಂಡಿನಲ್ಲಿ ಒಬ್ಬ ಮಾಜಿ ಪಶುವೈದ್ಯ, ಸಿಂಗಪುರದಲ್ಲಿ ರೇಸಿನ ಕುದುರೆ ಓಡಿಸುತ್ತಿದ್ದ ಒಬ್ಬ ಹಳೆಯ ಜಾಕಿ, ಮೆಲ್ಬೋರ್ನಿನಲ್ಲಿ ಹೆಲೆನ್ ಎಂಬ ವಯಸ್ಸಾದ ವರದಿಗಾರ್ತಿ. ತಮಗೆ ಕಂಡದ್ದನ್ನು ಬಚ್ಚಿಡದೆ ಒಬ್ಬರಿಗೊಬ್ಬರು ತಿಳಿಸುತ್ತಾರೆ. ಓಟ ನೋಡಿ ಚಪ್ಪಾಳೆ ತಟ್ಟುವ ಲಕ್ಷಾಂತರ ಜನಕ್ಕೆ ಇಂಥವರು ಇದ್ದಾರೆಂದೇ ಗೊತ್ತಿಲ್ಲ.

ಇಂದ್ರಾಣಿಗೆ ಒಂದು ನೇಮವಿತ್ತು. ಯಾವ ಕುದುರೆ ಗೆಲ್ಲುತ್ತದೆಂದು ಮನೆಯವರಿಗೂ ಹೇಳುವುದಿಲ್ಲ. ಆ ಗುರುವಾರವೂ ಕೋದಂಡಪ್ಪ ಕೇಳಿದ.

“ಏನಮ್ಮಾ ಇಂದ್ರಾಣಿ, ಶನಿವಾರ ಆಸ್ಟ್ರೇಲಿಯಾದಾಗೆ ದೊಡ್ಡ ರೇಸಂತೆ. ಯಾವ್ದು ಗೆಲ್ತೈತೆ?”

“ನಂಗೊತ್ತಿಲ್ಲ ಮಾವ. ಕಾಫಿ ಕುಡೀರಿ.”

“ನಿಂಗೇ ಗೊತ್ತಿಲ್ದಿದ್ರೆ ಇನ್ಯಾರ್ಗೆ ಗೊತ್ತು? ಅಲ್ಲಮ್ಮಾ, ನೀನೂ ಕುದ್ರೆ ನಂಬ್ಕಂಡೇ ಅನ್ನ ತಿಂತೀಯ. ನಾವ್ ಒಂದಾಟ ಕಟ್ಟಿದ್ರೆ ಮಾತ್ರ ತಪ್ಪಾ?”

ಇಂದ್ರಾಣಿ ಕುರ್ಚಿ ತಿರುಗಿಸಿ ಕೂತಳು. ಮಾವನ ಮಾತಿನಲ್ಲಿ ಹುರುಳಿತ್ತು, ಅದನ್ನು ತಳ್ಳಿಹಾಕುವ ಜಾಯಮಾನ ಅವಳದಲ್ಲ.

“ನನ್ನ ಸಂಬಳಾನೂ ಅದೇ ಜೂಜಿನಿಂದ್ಲೇ ಬತ್ತೈತೆ ಮಾವ, ಇಲ್ಲ ಅನ್ನಲ್ಲ. ಅದಕ್ಕೇ ನಾನು ಒಂದಾಟಾನೂ ಕಟ್ಟಲ್ಲ. ಕಟ್ಟಿದ ದಿನ ನನ್ನ ಕಣ್ಣಿಗೆ ಕುದ್ರೆ ಕಾಣಲ್ಲ, ಗೆಲುವು ಮಾತ್ರ ಕಾಣ್ತೈತೆ.”

ಕೋದಂಡಪ್ಪನಿಗೆ ಈ ವೇದಾಂತ ಬೇಕಿರಲಿಲ್ಲ. ಬಾಯಿ ಬಿಡದವಳ ಮುಖವಾದರೂ ಬಾಯಿ ಬಿಡುತ್ತದೆ ಎಂದು ಅವನು ಎಂದೋ ಕಂಡುಕೊಂಡಿದ್ದ. ಅದಕ್ಕೇ ಆ ಮೂಲೆಯ ಕುರ್ಚಿ. ಅಂದು ಪರದೆಯ ಮೇಲೆ ರೆಡ್ ಹಾರ್ಬರ್ ಎಂಬ ಕಂದು ಕುದುರೆಯ ತಾಲೀಮಿನ ವಿಡಿಯೊ ಓಡುತ್ತಿತ್ತು. ಶನಿವಾರದ ಓಟ ಅದರದೇ ಎಂದು ಜಗತ್ತೆಲ್ಲ ಹೇಳುತ್ತಿದ್ದ ಕುದುರೆ. ಇಂದ್ರಾಣಿ ಅದನ್ನು ನಿಲ್ಲಿಸಿ ಹಿಂದಕ್ಕೆ ಓಡಿಸಿದಳು. ಮತ್ತೆ ನೋಡಿದಳು, ಮತ್ತೆ ಹಿಂದಕ್ಕೆ ಓಡಿಸಿದಳು. ಕಾಫಿ ಆರಿಹೋಯಿತು, ಫೋನ್ ಬಡಿದುಕೊಂಡು ಸುಮ್ಮನಾಯಿತು. ಕೊನೆಗೆ ಅವಳು ಆ ಕುದುರೆಯ ಎಡಗಡೆಯ ಮುಂಗಾಲಿಗೆ ಕೆಂಪು ಬಣ್ಣದ ಒಂದು ಸುತ್ತು ಹಾಕಿ ಬರೆಯತೊಡಗಿದಳು. ಕೋದಂಡಪ್ಪ ಸದ್ದಿಲ್ಲದೆ ಎದ್ದು ಮೆಟ್ಟಿಲಿಳಿದ. ಅವನಿಗೆ ಬೇಕಾದದ್ದು ಸಿಕ್ಕಿತ್ತು.

ಅವಳು ಬರೆಯುತ್ತಿದ್ದದ್ದು ಇಂಗ್ಲಿಷಿನಲ್ಲಿ. ಓದಲು ಬಂದಿದ್ದರೆ ಅವನು ಆ ಮೆಟ್ಟಿಲಿಳಿಯುತ್ತಿರಲಿಲ್ಲ. ‘ಈ ಕುದುರೆ ಎಡ ಮುಂಗಾಲಿನ ಮೇಲೆ ಭಾರ ಹಾಕುತ್ತಿಲ್ಲ. ಓಡಿಸುವ ಮೊದಲು ಯಾರಾದರೂ ಆ ಕಾಲನ್ನು ಮುಟ್ಟಿ ನೋಡಬೇಕು. ಓಡಿದರೆ ಮೂಳೆ ಮುರಿದೀತು’ ಎಂಬುದು ಅವಳ ಬರಹದ ಸಾರ. ಕಾಲು ಮುರಿದ ರೇಸಿನ ಕುದುರೆ ಬದುಕಿ ಉಳಿಯುವುದು ಅಪರೂಪ. ಸಂಜೆ ವೆಬ್‌ಸೈಟಿನ ಸಂಪಾದಕರು ಫೋನ್ ಮಾಡಿದರು. ಇಷ್ಟು ಹೆಸರುವಾಸಿ ಕುದುರೆ, ಮಾಲೀಕರು ಸಿಟ್ಟಾಗುತ್ತಾರೆ, ಆ ಮಾತುಗಳನ್ನು ತೆಗೆಯೋಣವೇ ಎಂದರು.

“ತಪ್ಪಾದರೆ ಕೆಟ್ಟ ಹೆಸರು ನನಗಿರಲಿ ಸರ್. ಮಾತು ಮಾತ್ರ ಅಲ್ಲೇ ಇರಲಿ” ಎಂದಳು ಇಂದ್ರಾಣಿ. ಫೋನಿಟ್ಟ ಮೇಲೆ ಅವಳಿಗೂ ಭಯವಾಯಿತು. ಪರದೆಯಲ್ಲಿ ಕಂಡದ್ದು ಭ್ರಮೆಯಾಗಿದ್ದರೆ ಇಷ್ಟು ವರ್ಷದ ದುಡಿಮೆ ನಗೆಪಾಟಲು. ಆದರೂ ತೆಗೆಯಲಿಲ್ಲ.

ಅತ್ತ ಕೋದಂಡಪ್ಪ ಬಂಗಾರಪೇಟೆಯಲ್ಲೇ ಇದ್ದ ದನದ ವ್ಯಾಪಾರಿ ನರೇಶನ ಹತ್ತಿರ ಹೋಗಿದ್ದ. ಹೊರಗೆ ದನದ ವ್ಯಾಪಾರ, ಒಳಗೆ ಫೋನಿನಲ್ಲಿ ಕದ್ದುಮುಚ್ಚಿ ಬಾಜಿ. ಕೋದಂಡಪ್ಪನ ಹೆಂಡತಿ ಅಮ್ಮಾಜಮ್ಮ ಕಾಮಸಮುದ್ರದ ತವರಿಗೆ ಹೋಗಿದ್ದಳು. ಅವಳು ಕರುವಿನಿಂದ ಸಾಕಿದ ಚುಕ್ಕಿ ಎಂಬ ಹಸು ಬೂದಿಕೋಟೆಯ ಮನೆಯ ಕೊಟ್ಟಿಗೆಯಲ್ಲಿತ್ತು. ಮಗಳು ಶ್ಯಾಮಲ ನರ್ಸಿಂಗ್ ಓದುತ್ತಿದ್ದದ್ದೇ ಆ ಹಸುವಿನ ಹಾಲು ಡೇರಿಗೆ ಹೋಗುತ್ತಿದ್ದುದರಿಂದ. ಅದನ್ನೇ ಬಿಚ್ಚಿ ತಂದು ಕೋದಂಡಪ್ಪ ನರೇಶನ ಕೊಟ್ಟಿಗೆಯಲ್ಲಿ ಕಟ್ಟಿದ. ರೆಡ್ ಹಾರ್ಬರ್ ಗೆದ್ದರೆ ಚುಕ್ಕಿಯ ಜೊತೆ ಇನ್ನೆರಡು ಹಸು ಮನೆಗೆ. ಸೋತರೆ ಎಂಬ ಮಾತನ್ನು ಅವನು ಆಡಲೂ ಇಲ್ಲ, ಯೋಚಿಸಲೂ ಇಲ್ಲ.

ಶನಿವಾರ ಬೆಳಗ್ಗೆ ಅವನು ಮೆಟ್ಟಿಲು ಹತ್ತಿ ಬಂದಾಗ ಇಂದ್ರಾಣಿ ಮೊದಲು ಗಮನಿಸಿದ್ದು ಹಾಲಿನ ಬಾಟಲಿ ಇಲ್ಲದ ಅವನ ಬರಿಗೈಯನ್ನು.

“ಆಲೆಲ್ಲಿ ಮಾವ?”

“ಇನ್ ಮ್ಯಾಕೆ ಬಾಟ್ಲೀಲಲ್ಲ ಕಣಮ್ಮಾ, ಕ್ಯಾನ್ನಾಗೇ ತತ್ತೀನಿ!” ಎಂದು ನಕ್ಕ ಕೋದಂಡಪ್ಪ, ಖುಷಿ ತಡೆಯಲಾರದೆ ಎಲ್ಲವನ್ನೂ ಹೇಳಿಬಿಟ್ಟ. “ನೀನ್ ಏಳ್ದೇ ಇದ್ರೇನು, ನಂಗ್ ಗೊತ್ತಾಗಲ್ವಾ? ಆ ಕೆಂಪು ಸುತ್ತು ಆಕಿದ್ಯಲ್ಲ, ಅದ್ರ ಮೇಲೇ ಚುಕ್ಕೀನ ಕಟ್ಟಿವ್ನಿ.”

ಇಂದ್ರಾಣಿಯ ಮುಖ ಬಿಳಿಚಿಕೊಂಡಿತು. “ಅದು ಕುಂಟ್ತೈತೆ ಅಂತ ಸುತ್ತು ಆಕಿದ್ದು ಮಾವ” ಎಂದಳು.

ಕೋದಂಡಪ್ಪ ಕುರ್ಚಿಗೆ ಕುಸಿದ.

“ಮುಂಚೇನೇ ಒಂದ್ ಮಾತು ಏಳ್ಬಾರ್ದಿತ್ತೇನಮ್ಮಾ?”

“ನೀವ್ ಯಾವಾಗ್ಲೂ ಕೇಳಿದ್ದು ಯಾವ್ದು ಗೆಲ್ತೈತೆ ಅಂತ. ಅದ್ರ ಕಾಲು ಎಂಗೈತೆ ಅಂತ ಒಂದಿನಾನಾದ್ರೂ ಕೇಳಿದ್ರಾ?”

ಅವನು ನರೇಶನಿಗೆ ಫೋನ್ ಮಾಡಿದ. ಹಸು ವಾಪಸ್ ಕೊಡೆಂದು ಗೋಗರೆದ. ನರೇಶನ ದನಿ ಕೋಣೆಗೆಲ್ಲ ಕೇಳಿಸಿತು. “ಆಟ ಅಂದ್ರೆ ಆಟ ಕಣಣ್ಣೋ. ನಾನೇನ್ ನಿನ್ ಮನೇಗ್ ಬಂದು ಅಸ ಬಿಚ್ಕಂಡ್ ಬಂದ್ನಾ? ಕುದ್ರೆ ಓಡ್ದೇ ಇದ್ರೆ ಮಾತ್ರ ಬಾಜಿ ಲೆಕ್ಕಕ್ಕಿಲ್ಲ. ಓಡಿ ಸೋತ್ರೆ ಅಸ ನಂದು.”

ಅಷ್ಟರಲ್ಲಿ ಇಂದ್ರಾಣಿಗೆ ಹೆಲೆನ್‌ಳ ಸಂದೇಶ ಬಂತು. ಇಂದ್ರಾಣಿಯ ಬರಹ ಓದಿದ ಆ ಹಿರಿಯಾಕೆ ನಸುಕಿನಲ್ಲೇ ಲಾಯಕ್ಕೆ ಹೋಗಿ ಕಣ್ಣಾರೆ ನೋಡಿದ್ದಳು. ತನಗೂ ಅನುಮಾನ ಬಂದು, ಓಟದ ಅಧಿಕಾರಿಗಳನ್ನು ಬಿಡದೆ ಕಾಡಿದ್ದಳು. ‘ಈಗ ವೈದ್ಯರು ನೋಡುತ್ತಿದ್ದಾರೆ, ಪರದೆ ನೋಡು’ ಎಂದಿತ್ತು ಸಂದೇಶ.

ಪರದೆಯ ಮೇಲೆ ರೆಡ್ ಹಾರ್ಬರ್ ಅನ್ನು ಗಟ್ಟಿ ನೆಲದ ಮೇಲೆ ಅತ್ತಿಂದಿತ್ತ ನಡೆಸುತ್ತಿದ್ದರು. ವೈದ್ಯರು ಬಗ್ಗಿ ಮುಂಗಾಲನ್ನು ಒತ್ತಿದರು. ಕುದುರೆ ತಲೆ ಕೊಡವಿ ಕಾಲು ಎಳೆದುಕೊಂಡಿತು. ವೈದ್ಯರು ಎದ್ದು ನಿಂತು ತಲೆ ಅಲ್ಲಾಡಿಸಿದರು. ರೆಡ್ ಹಾರ್ಬರ್ ಓಡುವುದಿಲ್ಲ ಎಂಬ ಅಕ್ಷರಗಳು ಮೂಡಿದವು. ಮೈದಾನದ ಜನ ಕೈ ಬೀಸಿ ಕೂಗಾಡುತ್ತಿದ್ದರು, ಇಲ್ಲಿ ಧ್ವನಿ ಇರಲಿಲ್ಲ. ಇಂದ್ರಾಣಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ತನ್ನ ಮಾತು ನಿಜವಾಯಿತೆಂದಲ್ಲ, ಒಂದು ಜೀವ ಉಳಿಯಿತೆಂದು.

ಕೋದಂಡಪ್ಪನ ಫೋನ್ ಬಡಿದುಕೊಂಡಿತು. ಮತ್ತೆ ನರೇಶ.

“ನಿನ್ ಬಾಜಿ ಲೆಕ್ಕಕ್ಕಿಲ್ಲ ಅಣ್ಣೋ, ಅದೃಷ್ಟವಂತ ನೀನು. ಓಟಕ್ಕೆ ಇನ್ನೂ ಟೈಮೈತೆ, ಬ್ಯಾರೆ ಕುದ್ರೆ ಏಳು. ಅಸ ಎಂಗೂ ಇಲ್ಲೇ ಐತೆ. ಬಿಗ್ ಚಾನ್ಸು, ಬುಟ್ರೆ ಸಿಗಲ್ಲ.”

ಚಟ ಎಂಬುದು ಅಷ್ಟು ಬೇಗ ಬಿಡುತ್ತದೆಯೇ? ಕೋದಂಡಪ್ಪನ ಕಣ್ಣು ತಾನಾಗಿಯೇ ಇಂದ್ರಾಣಿಯ ಮುಖದತ್ತ ಹೊರಳಿತು. ಬೇರೆ ಯಾವ ಕುದುರೆಯನ್ನು ನೋಡುತ್ತಿದ್ದಾಳೆ ಎಂದು ಹುಡುಕಿತು. ಉಳಿದ ಕುದುರೆಗಳು ಓಟಕ್ಕೆ ಸಾಲುಗಟ್ಟುತ್ತಿದ್ದವು, ಕ್ಯಾಮೆರಾ ಅವುಗಳತ್ತ ತಿರುಗಿತ್ತು. ಇಂದ್ರಾಣಿ ಮಾತ್ರ ಪರದೆಯ ತೀರಾ ಅಂಚಿನಲ್ಲಿ, ಲಾಯದವನ ಜೊತೆ ಮೆಲ್ಲಗೆ ಹೊರಗೆ ಹೋಗುತ್ತಿದ್ದ ರೆಡ್ ಹಾರ್ಬರ್‌ನ ಎಡಗಾಲನ್ನೇ ನೋಡುತ್ತಿದ್ದಳು. ಅದು ಕಣ್ಮರೆಯಾಗುವವರೆಗೂ ಅವಳ ನೋಟ ಕದಲಲಿಲ್ಲ. ಇಷ್ಟು ದಿನ ಆ ಮುಖದಲ್ಲಿ ತಾನು ಓದಿದ್ದೆಲ್ಲ ತನ್ನದೇ ಆಸೆ ಎಂದು ಕೋದಂಡಪ್ಪನಿಗೆ ಆಗ ಹೊಳೆಯಿತು. ಅವನಿಗೆ ನಾಚಿಕೆಯಾಯಿತು.

“ಬ್ಯಾಡ ಕಣ್ಲಾ ನರೇಶ” ಎಂದ. “ಚುಕ್ಕಿಗೆ ಒಂದಿಷ್ಟು ನೀರ್ ಕುಡ್ಸು. ಬತ್ತಾ ಇವ್ನಿ.”

ಟೆಂಪೊ ಸಿಗುತ್ತಿತ್ತು, ಆದರೂ ಅವನು ಚುಕ್ಕಿಯನ್ನು ಬೂದಿಕೋಟೆಯ ದಾರಿಯಲ್ಲಿ ನಡೆಸಿಕೊಂಡೇ ಹೋದ. ಅದು ನಿಂತಲ್ಲಿ ನಿಂತ, ಮೇಯ್ದಲ್ಲಿ ಮೇಯಲು ಬಿಟ್ಟ. ತವರಿನಿಂದ ಬಂದ ಅಮ್ಮಾಜಮ್ಮನಿಗೆ ತಾನೇ ಬಾಯಿಬಿಟ್ಟು ಎಲ್ಲ ಹೇಳಿದ. ಅವಳು ಬೈದ ಬೈಗುಳ ಇಡೀ ಬೀದಿಗೆ ಕೇಳಿಸಿತು. ಆಮೇಲೆ ಕೆಲವು ದಿನ ಅವಳು ಅವನ ಜೊತೆ ಮಾತೇ ಆಡಲಿಲ್ಲ. ಅದು ಬೈಗುಳಕ್ಕಿಂತ ಕಷ್ಟವಾಗಿತ್ತು.

ಮುಂದಿನ ಶನಿವಾರ ಬೆಳಗಿನ ಬಸ್ಸಿಗೆ ಕೋದಂಡಪ್ಪ ಬಂದ. ಕೈಯಲ್ಲಿ ಹಾಲಿನ ಬಾಟಲಿ ಇತ್ತು. ಇಂಗ್ಲೆಂಡಿನಲ್ಲಿ ಹಿಂದಿನ ದಿನ ನಡೆದ ಯಾವುದೋ ಓಟ ನೋಡುತ್ತಿದ್ದ ಇಂದ್ರಾಣಿ, ಮಾವ ಬಾಯಿ ತೆರೆಯುವುದನ್ನು ಕಂಡು ‘ನಂಗೊತ್ತಿಲ್ಲ’ ಎನ್ನಲು ಸಿದ್ಧಳಾದಳು. ಅವನು ಬಾಟಲಿಯನ್ನು ಮೇಜಿನ ಮೇಲಿಟ್ಟು, ಸ್ವಲ್ಪ ಸಂಕೋಚದಿಂದ ಕೇಳಿದ.

“ಆ ಕುದ್ರೆ ಕಾಲು ಈಗ ಎಂಗೈತಮ್ಮಾ?”

ಇಂದ್ರಾಣಿ ಓಡುತ್ತಿದ್ದ ಓಟವನ್ನು ನಿಲ್ಲಿಸಿದಳು. ಎದ್ದು ಹೋಗಿ, ಮೂಲೆಯಲ್ಲಿದ್ದ ಪ್ಲಾಸ್ಟಿಕ್ ಕುರ್ಚಿಯನ್ನು ತನ್ನ ಪಕ್ಕಕ್ಕೆ ತಂದು ಹಾಕಿದಳು.

“ಬನ್ನಿ ಮಾವ, ತೋರಿಸ್ತೀನಿ” ಎಂದಳು.