ಗೋಡೆಗೆ ಎರಡು ಕೊಕ್ಕೆ

ದುಡ್ಡು ನೀರಿನಂತೆ ಖರ್ಚಾಯಿತು ಅನ್ನುವುದು ಎಲ್ಲರ ಗೋಳು. ಅಕ್ಕನ ಲಾಂಡ್ರಿಯಲ್ಲಿ ನೀರೇ ದುಡ್ಡಿನಂತೆ ಖರ್ಚಾಗುತ್ತಿತ್ತು. ದರ ಇಳಿಸದಿದ್ದರೆ ಬೆಡ್‌ಶೀಟುಗಳನ್ನು ಬೇರೆಯವರಿಗೆ ಕೊಡುತ್ತೇವೆ ಎಂದು ಆಸ್ಪತ್ರೆಯವರು ಹೇಳಿಬಿಟ್ಟಿದ್ದರು. ಆ ಕೆಲಸ ಹೋದರೆ ಲಾಂಡ್ರಿಗೆ ಬೀಗವೇ ಗತಿ. ಅಕ್ಕ ತಮ್ಮನನ್ನು ಕರೆಸಿದಳು. ಕಾರ್ಖಾನೆಗಳಲ್ಲಿ ಅಡಗಿ ಕೂತ ಖರ್ಚನ್ನು ಹುಡುಕಿ ಹೊರಗೆಳೆಯುವುದೇ ಅವನ ಕಸುಬು.

ಬಂದವನೇ ಸೋರುವ ನಲ್ಲಿ ಹಿಡಿದ, ಅರೆಹೊಟ್ಟೆಯಲ್ಲಿ ತಿರುಗುತ್ತಿದ್ದ ಯಂತ್ರ ಹಿಡಿದ. ಆಸ್ಪತ್ರೆಯ ಅಧಿಕಾರಿ ಮೂಗಿನಲ್ಲೇ ಚೌಕಾಸಿ ಮಾಡುವುದನ್ನೂ ಹಳೇ ಡ್ರೈಯರ್ ಕೆಮ್ಮಿ ಕೆಮ್ಮಿ ನಿಲ್ಲುವುದನ್ನೂ ಒಂದೇ ಗಂಟಲಲ್ಲಿ ಮಾಡಿ ತೋರಿಸಿ ಎಲ್ಲರನ್ನೂ ನಗಿಸಿದ. ಆದರೂ ದರ ಇಳಿಸುವಷ್ಟು ಉಳಿಯಲಿಲ್ಲ. ಪ್ಯಾಕಿಂಗ್ ಕೋಣೆಯಲ್ಲಿ ಕೈ ಸಾಲದೆ ದಿನಾ ಓವರ್‌ಟೈಮ್. ಅಲ್ಲಿರಬೇಕಾದ ಅಕ್ಕನ ಸೊಸೆ ಶೀಟು ಮಡಿಸುವ ಜಾಗದಲ್ಲಿ ಅತ್ತೆಯ ಎದುರು ನಿಂತಿರುತ್ತಿದ್ದಳು.

ಅಕ್ಕನ ಮಗ ತೀರಿಕೊಂಡ ಮೇಲೆ ಸೊಸೆ ತವರಿನಲ್ಲಿದ್ದಳು. ಕೆಲಸಕ್ಕೆ ಮಾತ್ರ ಬರುತ್ತಿದ್ದಳು. ಜಗಳವೇನಿಲ್ಲ. ಮಾತಿಗೆ ಮಧ್ಯೆ ಇದ್ದವನು ಇರಲಿಲ್ಲ, ಅಷ್ಟೆ. ಇಬ್ಬರೂ ಶೀಟಿನ ಎರಡೆರಡು ತುದಿ ಹಿಡಿದು ದೂರ ಸರಿದು ಝಾಡಿಸುವರು, ಹತ್ತಿರ ಬಂದು ತುದಿಗೆ ತುದಿ ಸೇರಿಸುವರು. ಬೆರಳಿಗೆ ಬೆರಳು ತಾಕಿದಾಗ ಅತ್ತೆ, ತಲೆನೋವು ಹೋಯ್ತಾ ಅಂತ ಕೇಳುವಳು. ಮತ್ತೆ ದೂರ. ಉತ್ತರ ಮುಂದಿನ ಶೀಟಿಗೆ.

ತಮ್ಮನಿಗೆ ಕಂಡದ್ದು ಒಂದು ಬಟ್ಟೆಗೆ ನಾಲ್ಕು ಕೈ. ಗೋಡೆಗೆ ಎರಡು ಕೊಕ್ಕೆ ಹೊಡೆದ. ಒಂದು ಬದಿಯನ್ನು ಅದಕ್ಕೆ ಸಿಕ್ಕಿಸಿದರೆ ಒಬ್ಬರೇ ಮಡಿಸಬಹುದು. ಸೊಸೆ ಪ್ಯಾಕಿಂಗಿಗೆ ಹೋದಳು.

"ಗೋಡೆಗೆ ಸಂಬಳ ಇಲ್ಲ, ರಜಾ ಇಲ್ಲ, ಅತ್ತೆ ಮೇಲೆ ಚಾಡಿಯೂ ಇಲ್ಲ," ಅಂದ. ಅಕ್ಕನೂ ನಕ್ಕಳು.

ಓವರ್‌ಟೈಮ್ ನಿಂತಿತು. ದರ ಇಳಿಯಿತು, ಆಸ್ಪತ್ರೆ ಉಳಿಯಿತು.

ಹೊಸ ಒಪ್ಪಂದಕ್ಕೆ ಸಹಿ ಹಾಕಿಸಲು ತಮ್ಮ ಮತ್ತೆ ಬಂದಾಗ ಅಕ್ಕ ಒಬ್ಬಳೇ ಮಡಿಸುತ್ತಿದ್ದಳು. ಶೀಟು ಸಿಕ್ಕಿಸಿ, ಹಿಂದೆ ಸರಿದು ಝಾಡಿಸಿ, ತುದಿ ಎತ್ತಿ ಹಿಡಿದು ಸುಮ್ಮನೆ ನಿಂತಳು. ಬೆನ್ನು ಹಿಡೀತಾ ಅಂತ ಕೇಳಿದ.

"ಇಲ್ಲ ಕಣೋ. ಗೋಡೆ ಎದುರಿಗೆ ನಡೆದು ಬರಲ್ಲ ಅನ್ನೋದೇ ಮರೆತುಹೋಗುತ್ತೆ."

ಸೊಸೆಯನ್ನು ಮತ್ತೆ ಇಲ್ಲಿಗೇ ಹಾಕೋಣ್ವಾ ಅಂದ. ಅಕ್ಕ ಬೇಡವೆಂದಳು; ಹಾಗೆ ಮಾಡಿದರೆ ಈ ದರ ನಿಲ್ಲುವುದಿಲ್ಲ ಅಂತ ಅವಳಿಗೂ ಗೊತ್ತು. ಪ್ಯಾಕಿಂಗಿನಲ್ಲಿ ಅವಳ ಓರಗೆಯವರು ಇದ್ದಾರೆ, ಅವಳು ನಗೋದು ಇಲ್ಲಿಗೆ ಕೇಳಿಸುತ್ತೆ ಅಂದಳು. ಒಂದು ದಿನ ಮಾತಾಡಿಸಲು ಅಲ್ಲಿಗೇ ಹೋಗಿದ್ದಳಂತೆ.

"ಕೈಯಲ್ಲಿ ಶೀಟಿಲ್ಲದೆ ಏನು ಮಾತಾಡೋದು ಅಂತ ಇಬ್ಬರಿಗೂ ತೋಚಲಿಲ್ಲ. ನೀರು ಕುಡಿದು ವಾಪಸ್ ಬಂದೆ."

ತಮ್ಮ ಗೋಡೆಯ ಹತ್ತಿರ ನಡೆದ. ಕೊಕ್ಕೆಯಿಂದ ಶೀಟು ಬಿಡಿಸಿ ತಾನೇ ತುದಿ ಹಿಡಿದು ನಿಂತ.

"ಓರೆ ಹಿಡಿದಿದ್ದೀಯ, ಬಿಡು," ಅಂದಳು ಅಕ್ಕ. ಅವನ ಕೈಯಿಂದ ತುದಿಗಳನ್ನು ತೆಗೆದುಕೊಂಡು ಮತ್ತೆ ಗೋಡೆಗೇ ಸಿಕ್ಕಿಸಿದಳು.