ಗೊಬ್ಬರವಿಲ್ಲದ ಹಸಿರು

ಗಡಿಯಾರ ರಿಪೇರಿಯವನ ಮನೆಯಲ್ಲಿ ಬೆಳೆಯಬೇಕಾದವು ಎರಡಿದ್ದವು: ಗಾಜಿನ ತೊಟ್ಟಿಯ ಗಿಡಗಳು ಮತ್ತು ಎರಡು ತಿಂಗಳ ಮಗಳು. ಗಿಡಗಳು ಅಳತೆ ಮೀರಿ ಬೆಳೆದವು. ಮಗಳ ತೂಕ ಮೂರು ವಾರಗಳಿಂದ ನಿಂತಲ್ಲೇ ನಿಂತಿತ್ತು. ತುಟಿ, ಉಗುರುಗಳಿಗೆ ಬೂದುಗಟ್ಟಿದ ನೀಲಿ ಬಣ್ಣ. ಹೃದಯದ ದೋಷವಿರಬಹುದೆಂದು ವೈದ್ಯೆ ಸೋಮವಾರ ಪರೀಕ್ಷೆಗೆ ಬರಹೇಳಿದ್ದರು.

ಹೆಂಡತಿಗೆ ಏಳು ತಿಂಗಳಾಗಿದ್ದಾಗ ಅವನು ಕಟ್ಟಿದ ತೊಟ್ಟಿ ಅದು, ನೂರು ಲೀಟರಿನದು. ತಳಕ್ಕೆ ಜರಡಿ ಹಿಡಿದ ಮಣ್ಣು, ಮೇಲೆ ಎರಡು ಬೆರಳು ದಪ್ಪ ಮರಳು. ಹಲ್ಲುಚಕ್ರ ಎತ್ತುವ ಚಿಮಟದಿಂದಲೇ ಒಂದೊಂದು ಕಾಂಡವನ್ನೂ ಅಂಗುಲದ ಅಂತರದಲ್ಲಿ ನೆಟ್ಟಿದ್ದ. ದೀಪ ದಿನಕ್ಕೆ ಎಂಟು ಗಂಟೆ. ತಿಂಗಳು ಕಾದು ಆರೇ ಮೀನು ಬಿಟ್ಟ. ಪ್ರತಿ ಭಾನುವಾರ ಅರ್ಧ ನೀರು ತೆಗೆದು, ಕಟ್ಟಡದ ಕೊಳವೆ ಬಾವಿಯಿಂದ ಬರುವ ನಲ್ಲಿ ನೀರನ್ನು ತುಂಬುತ್ತಿದ್ದ.

ಮಗುವಿನ ಆರೈಕೆಗೆ ಬಂದು ನಿಂತವಳು ಅವನ ಅಕ್ಕ. ತಾಯಿಯ ಹಾಲು ಸಾಲದೆ ಪುಡಿಹಾಲನ್ನು ನೆಚ್ಚಬೇಕಾದಾಗ, ನೀರಿನ ಹೊಣೆಯನ್ನು ಆಕೆ ಯಾರಿಗೂ ಬಿಟ್ಟುಕೊಡಲಿಲ್ಲ. ಮೂರು ಸಲ ಕುದಿಸಿ, ಎರಡು ಲೋಟ ಒಂದಕ್ಕಿಳಿದ ಮೇಲೆಯೇ ಬಾಟಲಿಗೆ. ತಮ್ಮನು ತೊಟ್ಟಿಯ ಮುಂದೆ ಕೂತಾಗಲೆಲ್ಲ, ತಾನು ಮೀನಾಗಿ ಹುಟ್ಟಿದ್ದರೆ ಇವನು ತನ್ನನ್ನೂ ವಿಚಾರಿಸಿಕೊಳ್ಳುತ್ತಿದ್ದನೇನೋ ಎಂದು ಚುಚ್ಚುತ್ತಿದ್ದಳು.

ಶನಿವಾರ ಅವನು ಹೆಚ್ಚಾದ ಗಿಡಗಳನ್ನು ಕತ್ತರಿಸಿ ಮೀನಿನಂಗಡಿಗೆ ಒಯ್ದ. ಅಂಗಡಿಯವನು ಕಟ್ಟನ್ನು ತಿರುವಿ ನೋಡಿ, ಏನು ಗೊಬ್ಬರ ಹಾಕುತ್ತೀರೆಂದು ಕೇಳಿದ. ಇವನು ಏನೂ ಇಲ್ಲವೆಂದ.

"ಹೊಟ್ಟೆಗಿಲ್ದೆ ಯಾರೂ ಹೀಗೆ ಕೊಬ್ಬಲ್ಲ ಯಜಮಾನ್ರೇ. ನೀವು ಹಾಕ್ತಿಲ್ಲ ಅಂದ್ರೆ ಇನ್ಯಾರೋ ಹಾಕ್ತಿದಾರೆ."

ಗಿಡಗಳು ತಿನ್ನುವುದು ನೈಟ್ರೇಟ್. ಆರು ಮೀನಿನ ಹೊಲಸಿನಲ್ಲಿ ಅಷ್ಟು ಹುಟ್ಟದು ಎಂದು ವಿವರಿಸಿದ. ನಳಿಕೆಯಲ್ಲಿ ಹಿಡಿದ ನೀರಿಗೆ ಬಿಟ್ಟರೆ, ನೈಟ್ರೇಟ್ ಹೆಚ್ಚಿದಷ್ಟೂ ಹಳದಿಯಿಂದ ಕೆಂಪಿಗೆ ತಿರುಗುವ ಹನಿಗಳ ಸೀಸೆಯನ್ನೂ ಬಣ್ಣದ ಚೀಟಿಯನ್ನೂ ಕೊಟ್ಟು, ನೀರು ಬದಲಾಯಿಸುವ ಮುನ್ನ ಒಮ್ಮೆ, ಆಮೇಲೊಮ್ಮೆ ನೋಡಿ ಎಂದ.

ಭಾನುವಾರ ಬೆಳಿಗ್ಗೆ ಮೊದಲ ಅಳತೆ ಲೀಟರಿಗೆ ನಲವತ್ತು ಮಿಲಿಗ್ರಾಂ. ಅರ್ಧ ನೀರು ಬದಲಾದ ಮೇಲೆ ಇಪ್ಪತ್ತಕ್ಕೆ ಇಳಿಯಬೇಕು. ಎಂಬತ್ತು ತೋರಿಸಿತು. ನಳಿಕೆ ತೊಳೆದು ಮತ್ತೆ ನೋಡಿದ, ಎಂಬತ್ತೇ. ಹಳೆಯ ನೀರಿನ ಪಾಲು ಇಪ್ಪತ್ತು ಕಳೆದರೆ ಅರವತ್ತು, ಅದು ಅರ್ಧ ತೊಟ್ಟಿಯದು. ಅಂದರೆ ನಲ್ಲಿಯಲ್ಲಿ ನೂರಿಪ್ಪತ್ತು. ಚೀಟಿಯ ಬೆನ್ನಿನಲ್ಲಿ ಸಣ್ಣಕ್ಷರದ ಸಾಲೊಂದಿತ್ತು: ಐವತ್ತು ಮೀರಿದ ನೀರನ್ನು ಹಸುಗೂಸುಗಳಿಗೆ ಕೊಡಬಾರದು, ಕುದಿಸಿದರೆ ನೀರು ಆವಿಯಾಗುತ್ತದೆ, ನೈಟ್ರೇಟ್ ಉಳಿಯುತ್ತದೆ.

ಎರಡು ಲೋಟ ಒಂದಕ್ಕಿಳಿದರೆ ಇನ್ನೂರ ನಲವತ್ತು.

ಅವನು ಅಡುಗೆಮನೆ ತಲುಪುವಷ್ಟರಲ್ಲಿ ಹೆಂಡತಿಯ ಮಡಿಲಲ್ಲಿ ಬಾಟಲಿ ಮುಕ್ಕಾಲು ಖಾಲಿಯಾಗಿತ್ತು. ಕಿತ್ತುಕೊಂಡ. ಮಗು ಅಳಲಿಲ್ಲ.

"ನೀರು ಸರಿಯಿಲ್ಲ," ಎಂದ.

"ನನ್ನ ನೀರಾ?" ಅಕ್ಕ ಒಲೆಯ ಕಡೆ ತಿರುಗಿದಳು. "ಮೂರು ಸಲ ಕುದಿಸಿದೀನಿ ಕಣೋ. ಅನುಮಾನ ಇದ್ರೆ ಇನ್ನೊಂದು ಸಲ ಕುದಿಸ್ತೀನಿ."

ಅವನು ಒಲೆ ಆರಿಸಿದ.

ಆಸ್ಪತ್ರೆಯಲ್ಲಿ ವೈದ್ಯೆ ತೆಗೆದ ರಕ್ತ ಕಾಫಿಯ ಗಸಿಯಂತೆ ಕಂದಾಗಿತ್ತು. ಗಾಳಿಯಲ್ಲಿ ಅಲುಗಿಸಿದರೂ ಕೆಂಪಾಗಲಿಲ್ಲ. ಹೃದಯವಲ್ಲ, ನೀರೇ ರಕ್ತವನ್ನು ಕೆಡಿಸಿದೆ, ಎಂದರು. ನರಕ್ಕೆ ಔಷಧಿ ಹೋಯಿತು. ಒಂದು ಗಂಟೆಯ ಮೇಲೆ ತುಟಿಯಂಚಿನಲ್ಲಿ ತೆಳುವಾಗಿ ಗುಲಾಬಿ ಮೂಡಿತು. ಬದುಕುತ್ತಾಳೆ, ಆದರೆ ಇನ್ನೊಂದೆರಡು ಬಾಟಲಿ ಒಳಗೆ ಹೋಗಿದ್ದರೆ ಹೇಳುವುದು ಕಷ್ಟವಿತ್ತು ಎಂದರು.

ಹೊರಗಿನ ಬೆಂಚಿನಲ್ಲಿ ಅಕ್ಕ ಕೈಕಟ್ಟಿ ಕೂತಿದ್ದಳು. ತಾನು ಎಲ್ಲಿ ತಪ್ಪಿದೆ ಎಂದು ಕೇಳಿದಳು. ಅರೆ ಸೆಕೆಂಡನ್ನೂ ಬಿಟ್ಟುಕೊಡದ ಆ ಮನುಷ್ಯ ಅವಳ ಮುಖ ನೋಡಿ ಲೆಕ್ಕ ಬಿಟ್ಟ.

"ನೀನು ಕುದಿಸಿದ್ದಕ್ಕೇ ಮಗು ಇಷ್ಟಾದ್ರೂ ಉಳೀತು, ಅಕ್ಕ."

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಉಸಿರು ಹಗುರವಾಯಿತು.

"ಮೇಲಿನ ಮನೆಯವಳಿಗೂ ಅದನ್ನೇ ಹೇಳಿಕೊಟ್ಟಿದೀನಿ. ಅವಳ ಕೂಸಿಗೆ ಹದಿನೈದು ದಿನ, ಅವಳಿಗೂ ಹಾಲಿಲ್ಲ ಪಾಪ. ಅರ್ಧಕ್ಕೆ ಇಳಿಯೋವರೆಗೂ ಕುದಿಸು ಅಂದಿದೀನಿ."

ಅವನು ಬೆಂಚಿನ ಮೇಲಿದ್ದ ಅವಳ ಫೋನನ್ನು ಅವಳ ಕೈಗಿಟ್ಟ. "ಫೋನ್ ಮಾಡು. ಆ ನೀರು ಕೊಡಬೇಡ ಅಂತ ಹೇಳು. ಕುದಿಸಿದ್ದನ್ನಂತೂ ಕೊಡಲೇಬಾರದು."

ಅವಳು ಗುಂಡಿ ಒತ್ತಿ, ಕಿವಿಗಿಟ್ಟು, ತಮ್ಮನ ಕಡೆ ನೋಡಿದಳು.

"ಕುದಿಸಿದ್ದನ್ನಂತೂ ಅಂದ್ರೆ?"

ಅವಳು ಅವನ ಮುಖದಿಂದ ಕಣ್ಣು ತೆಗೆಯಲಿಲ್ಲ. ಮೇಲಿನ ಮನೆಯಲ್ಲಿ ಫೋನು ಬಡಿದುಕೊಳ್ಳುತ್ತಲೇ ಇತ್ತು, ಯಾರೂ ಎತ್ತಲಿಲ್ಲ.