ಅಕ್ಕಿ ಹೆಚ್ಚಿದ ವಾರ

ನಮ್ಮವ್ವ ಶಾಂತಕುಮಾರಿ ‘ಮುಗಿಯಿತು’ ಎಂಬ ಮಾತನ್ನು ಬಾಯಿಂದ ಆಡಿದವಳಲ್ಲ. ಮನೆಯಲ್ಲಿ ಅಕ್ಕಿ ಮುಗಿದರೆ ‘ಅಕ್ಕಿ ಹೆಚ್ಚಿದೆ’ ಎನ್ನಬೇಕು, ಬಳೆ ಒಡೆದರೆ ‘ಬಳೆ ಹೆಚ್ಚಿತು’ ಎನ್ನಬೇಕು. ‘ಇಲ್ಲ’ ಅಂದರೆ ನಿಜವಾಗಿಯೂ ಇಲ್ಲವೇ ಆಗಿಬಿಡುತ್ತದೆ ಎಂಬುದು ಅವಳ ನಂಬಿಕೆ. ಹಳೆಯ ಹೆಂಗಸರೆಲ್ಲ ಹಾಗೇ ಅನ್ನುತ್ತಿದ್ದರು. ಆದರೆ ನಮ್ಮವ್ವನಷ್ಟು ಗಟ್ಟಿಯಾಗಿ ಅನ್ನುತ್ತಿದ್ದವರು ಚನ್ನರಾಯಪಟ್ಟಣದಲ್ಲಿ ಇನ್ನೊಬ್ಬರಿರಲಿಲ್ಲ.

ತೊಂಬತ್ತರ ದಶಕದ ಮೊದಲ ವರ್ಷಗಳು ಅವು. ಅಪ್ಪ ಚಂದ್ರಶೇಖರಯ್ಯನದು ತೆಂಗಿನಕಾಯಿ ವ್ಯಾಪಾರ, ಮನೆಯ ಜಗಲಿಯೇ ಅಂಗಡಿ. ಅಲ್ಲಿ ನಾಲ್ಕು ಜನ ಕೂತಿರುವಾಗಲೇ ಅವ್ವ ಒಳಗಿನಿಂದ ಕೂಗುತ್ತಿದ್ದಳು.

“ಏನೂಂದ್ರೆ, ಅಕ್ಕಿ ಎಚ್ಚೈತೆ ಕಣ್ರೀ!”

“ಆಯ್ತು ಕಣೆ, ಸಂಜೀಕೆ ನೋಡ್ತೀನಿ.”

ಕೂತವರು ಅರ್ಥವಾದರೂ ಅರ್ಥವಾಗದವರಂತೆ ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಸಂಜೆ ಅಪ್ಪ ಟವೆಲ್ ಹೊದಿಸಿದ ಅಕ್ಕಿ ಚೀಲವನ್ನು ಹಿತ್ತಲ ಬಾಗಿಲಿನಿಂದ ತರುತ್ತಿದ್ದ. ತರಲು ಆಗದ ಸಂಜೆ ಸುಮ್ಮನೆ ಬಂದು ಕೈಕಾಲು ತೊಳೆಯುತ್ತಿದ್ದ, ಅವ್ವ ಏನೂ ಕೇಳುತ್ತಿರಲಿಲ್ಲ. ಒಂದು ಸಲ ಹೇಳುವುದು ಸಂಸಾರ, ಎರಡನೇ ಸಲ ಹೇಳಿದರೆ ಭಿಕ್ಷೆ ಎನ್ನುತ್ತಿದ್ದಳು.

ಅಕ್ಕಿ, ಬೇಳೆ, ಎಣ್ಣೆ ಎಲ್ಲ ಹೆಚ್ಚಿದ ವಾರ ನಮ್ಮ ಮನೆಯಲ್ಲಿ ಮೂರು ಹೊತ್ತೂ ಮುದ್ದೆ. ಅದಕ್ಕೆ ಹುಚ್ಚೆಳ್ಳು ಚಟ್ನಿ. ಆ ವಾರಗಳನ್ನು ನೆನೆದರೆ ನನಗೆ ಇವತ್ತಿಗೂ ಬಾಯಲ್ಲಿ ನೀರೂರುತ್ತದೆ. ಸೋಪನ್ನು ದಾರದಿಂದ ಕೊಯ್ದು ಎರಡು ಹೋಳು ಮಾಡುತ್ತಿದ್ದಳು ಅವ್ವ. ದೀಪಾವಳಿಗೆ ಒಂದೇ ತಾನಿನ ಬಟ್ಟೆಯಲ್ಲಿ ನನಗೆ ಲಂಗ, ತಮ್ಮ ಸಿದ್ದೇಶ್ವರನಿಗೆ ಅಂಗಿ. ಒಂದು ವರ್ಷ ಹೂವಿನ ಬಟ್ಟೆ ಬಂದು, ಶಾಲೆಯಲ್ಲಿ ಹುಡುಗರು ಅವನನ್ನು ‘ಮಲ್ಲಿಗೆ’ ಎಂದು ಕರೆದರು. ಈಗ ಅದನ್ನು ನೆನಪಿಸಿದರೆ ಅವನಿಗೆ ಸಿಟ್ಟು ಬರುತ್ತದೆ. ಸಿಟ್ಟು ಬರುತ್ತದೆ ಎಂದೇ ನಾನು ನೆನಪಿಸುತ್ತೇನೆ.

ನನ್ನನ್ನು ಅರಕಲಗೂಡಿಗೆ ಕೊಟ್ಟರು. ತಮ್ಮ ತೆಂಗಿನಕಾಯಿ ಮಂಡಿ ಹಾಕಿದ, ಕೈ ಹತ್ತಿತು. ಎರಡು ಸಾವಿರದ ಇಸವಿ ದಾಟುವುದರೊಳಗೆ ಹೆಂಚಿನ ಮನೆ ಹೋಗಿ ತಾರಸಿ ಬಂತು, ಫ್ರಿಜ್ಜು ಬಂತು, ಒಂದರ ಹಿಂದೆ ಇನ್ನೊಂದು ಗ್ಯಾಸ್ ಸಿಲಿಂಡರ್ ಬಂತು. ಶಿವರಂಜನಿ ಸೊಸೆಯಾಗಿ ಬಂದಳು. ಇಂಜಿನಿಯರ್ ಮಗಳು, ಊರೂರಿನ ಕ್ವಾರ್ಟರ್ಸಿನಲ್ಲಿ ಬೆಳೆದವಳು, ಶಾಲೆಯಲ್ಲಿ ಟೀಚರ್. ತಿಂಗಳಿಗೊಮ್ಮೆ ಹಾಸನದ ಸೂಪರ್ ಮಾರ್ಕೆಟ್ಟಿಗೆ ಹೋಗಿ, ಅಲ್ಲಿನ ತಳ್ಳುಗಾಡಿಯ ತುಂಬ ಸಾಮಾನು ಹಾಕಿಕೊಂಡು ಬರುತ್ತಿದ್ದಳು. ಅವಳ ಕೈಯಲ್ಲಿ ಯಾವುದೂ ಮುಗಿಯುವುದೇ ಇಲ್ಲ, ಮುಗಿಯುವ ಮೊದಲೇ ಇನ್ನೊಂದು ಪೊಟ್ಟಣ ಬಂದು ಕೂತಿರುತ್ತಿತ್ತು. ಮೊದಮೊದಲು ಅವ್ವ ಅದನ್ನು ದುಂದು ಎಂದು ಗೊಣಗಿದಳು. ಆಮೇಲೆ ಮೊಮ್ಮಗನ ಜೊತೆ ಕೂತು ಬಿಸ್ಕತ್ತು ತಿನ್ನುವುದನ್ನು ಕಲಿತಳು. ಅಡುಗೆಮನೆಯಿಂದ ಕೂಗುವ ಅಗತ್ಯವೇ ಬೀಳಲಿಲ್ಲ.

ಒಂದು ಮಾತ್ರ ಶಿವರಂಜನಿಯ ಕಣ್ಣಿಗೆ ಬಿದ್ದಿರಲಿಲ್ಲ. ಅವ್ವನ ಬಿ.ಪಿ. ಮಾತ್ರೆ. ಅದು ಅವ್ವನ ಟ್ರಂಕಿನಲ್ಲಿರುತ್ತಿತ್ತು, ತರುತ್ತಿದ್ದವನು ಅಪ್ಪ. ಎರಡು ಸಾವಿರದ ಏಳರಲ್ಲಿ ಅಪ್ಪ ತೀರಿಕೊಂಡ.

ಕೆಲವು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ತಮ್ಮನ ಫೋನು. ಅವ್ವ ಬಚ್ಚಲಲ್ಲಿ ಬಿದ್ದಿದ್ದಾಳೆ, ಹಾಸನದ ಆಸ್ಪತ್ರೆಗೆ ಸೇರಿಸಿದ್ದೇವೆ, ಬಾ ಅಂದ. ಸಿಕ್ಕಿದ ಬಸ್ಸು ಹತ್ತಿದೆ. ಹೋಗಿ ನೋಡಿದರೆ ಪುಣ್ಯಕ್ಕೆ ಕಣ್ಣು ಬಿಟ್ಟಿದ್ದಳು, ಮಾತೂ ಇತ್ತು. ಮಾತ್ರೆ ನಿಲ್ಲಿಸಿದ್ದಕ್ಕೇ ಹೀಗಾಗಿದೆ, ಇನ್ನೊಂದು ಸಲ ಹೀಗಾದರೆ ಉಳಿಯುವುದು ಕಷ್ಟ ಎಂದು ಡಾಕ್ಟರು ಬೈದು ಹೋಗಿದ್ದರು. ತಮ್ಮ ಔಷಧಿ ತರಲು ಹೋಗಿದ್ದ. ಶಿವರಂಜನಿ ನೀರು ಹಿಡಿಯಲು ಆಚೆ ಹೋದಳು.

“ಮಾತ್ರೆ ಯಾಕವ್ವ ಬುಟ್ಟೆ?” ಅಂದೆ.

ಅವ್ವ ಗೋಡೆಯ ಕಡೆ ತಿರುಗಿದಳು. “ಯೋಳ್ದೆ ಮಗಾ. ತರ್ಲಿಲ್ಲ. ಕೆಟ್ಟೋಳಲ್ಲ ಕಣವ್ವ ಅವ್ಳು. ನನ್ನ ಖರ್ಚು ಭಾರ ಆಗೈತೇನೋ. ನಿಮ್ಮಪ್ಪ ಇದ್ದಂಗೆ ಎಲ್ರೂ ಇರ್ತಾರಾ?”

ನನ್ನ ರಕ್ತ ಕುದಿಯಿತು. ಮಗನಿಗೆ ಬ್ಯಾಟರಿ ಕಾರು ತರುವುದಕ್ಕಾಗುತ್ತದೆ, ಅತ್ತೆಯ ಮಾತ್ರೆ ಭಾರವೇ? ಕಾರಿಡಾರಿಗೆ ಹೋಗಿ ಶಿವರಂಜನಿಯನ್ನು ನಿಲ್ಲಿಸಿ ಕೇಳಿಯೇಬಿಟ್ಟೆ. ಅವಳು ನೀರಿನ ಚೊಂಬನ್ನು ಕೆಳಗಿಟ್ಟಳು.

“ಅಕ್ಕಾ, ಮಾವ ಹೋದ್ಮೇಲೆ ನಾನೇ ಕೇಳಿದ್ದೆ. ಪಕ್ಕದ್ಮನೆ ಸುಬ್ಬಮ್ಮನವರೂ ಅಲ್ಲೇ ಕೂತಿದ್ರು. ಅತ್ತೆ, ಮಾತ್ರೆ ಇದೆಯಾ ಅಂದೆ. ಹೆಚ್ಚಿದೆ ಕಣವ್ವ ಅಂದ್ರು. ಹೆಚ್ಚಿರೋವಾಗ ಮತ್ತೆ ಯಾಕೆ ತರೋದು ಅಂತ...”

ನನಗೆ ಮೊದಲು ನಗು ಬಂತು. ನಗುತ್ತಲೇ ಅಳು ಬಂತು. ಎರಡನ್ನೂ ತಡೆಯಲಾಗದೆ ಅವಳ ಭುಜ ಹಿಡಿದುಕೊಂಡು ಕಾರಿಡಾರಿನಲ್ಲೇ ನಿಂತೆ. ತಪ್ಪು ಅವಳದಲ್ಲ. ಏನೂ ಮುಗಿಯದ ಮನೆಯಲ್ಲಿ ಬೆಳೆದ ಹುಡುಗಿಗೆ ಮುಗಿದದ್ದಕ್ಕೆ ಬೇರೆ ಹೆಸರಿದೆ ಎಂದು ಯಾರು ಹೇಳಿಕೊಟ್ಟಾರು? ಗೊತ್ತಿದ್ದವನು ನನ್ನ ತಮ್ಮ. ಅವನೋ ಬೆಳಗಾಗುವ ಮೊದಲು ಮಂಡಿಗೆ ಹೋದರೆ ರಾತ್ರಿ ಊಟಕ್ಕೇ ಬರುವವನು. ಗಂಡಸರಿಗೆ ಅಡುಗೆಮನೆಯ ಮಾತು ಕೇಳಿಸುವುದೇ ಕಡಿಮೆ.

ನಾನು ಅವಳಿಗೆ ಜಗಲಿಯ ಕಥೆಯನ್ನೆಲ್ಲ ಹೇಳಿದೆ. ಹೆಚ್ಚಿದ ಅಕ್ಕಿ, ಟವೆಲ್ಲಿನ ಕೆಳಗಿನ ಚೀಲ, ಎರಡನೇ ಸಲ ಕೇಳದ ಅವ್ವ. ಶಿವರಂಜನಿ ಸೆರಗಿನಲ್ಲಿ ಮುಖ ಒರೆಸಿಕೊಂಡು ಒಳಗೆ ಹೋದಳು. ಮಂಚದ ಅಂಚಿನಲ್ಲಿ ಕೂತು ಅವ್ವನ ಕೈ ಹಿಡಿದಳು.

“ಅತ್ತೆ, ನೀವು ಭಾರ ಅಂತ ಅಲ್ಲ. ನೀವು ಹೇಳಿದ್ದು ನಂಗೆ ಅರ್ಥಾನೇ ಆಗ್ಲಿಲ್ಲ. ಮಾವನಷ್ಟು ನಂಗೆ ಗೊತ್ತಾಗಲ್ಲ. ಬೇಕು ಅಂತ ಬಾಯಿ ಬಿಟ್ಟು ಹೇಳಿ. ಒಂದಲ್ಲ, ಹತ್ತು ಸಲ ಹೇಳಿ.”

ಅವ್ವ ಅವಳನ್ನೇ ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ನಾಚಿಕೆಯಿಂದ ಅವಳ ಮುಖ ಕೆಂಪಾಗಿತ್ತು, ಮದುವೆ ಹೆಣ್ಣಿಗೂ ಅಷ್ಟು ನಾಚಿಕೆ ಇರುವುದಿಲ್ಲ.

“ನಂಗೆ ಒಂದ್ ಲೋಟ ಕಾಫಿ ಬೇಕು ಕಣವ್ವ,” ಅಂದಳು.

ಅಷ್ಟು ವರ್ಷದಲ್ಲಿ ಅವ್ವ ತನಗೆಂದು ‘ಬೇಕು’ ಅಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಶಿವರಂಜನಿ ಚಪ್ಪಲಿಯನ್ನೂ ಮೆಟ್ಟದೆ ಕ್ಯಾಂಟೀನಿನ ಕಡೆಗೆ ಓಡಿದಳು.